ಮೂರನೇ ಕಟ್ಟೆಯ ಹಾಲು

ಶ್ಯಾಮಲಳಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಗಾಗುತ್ತೆ, ಆಮೇಲೆ ಬಾಯಿ ಬಿಚ್ಚುತ್ತೆ. ಅವತ್ತು ಕಾಮಸಮುದ್ರದಲ್ಲಿ ಬಸ್ಸು ಹತ್ತುವಾಗಲೇ ಕಿವಿ ಕೆಂಪಗಿತ್ತು. ಬಂಗಾರಪೇಟೆ ಬರೋಷ್ಟರಲ್ಲಿ ಕಂಡಕ್ಟರ್ ಜೊತೆ ಒಂದು ಸುತ್ತು, ಕಿಟಕಿ ಮುಚ್ಚಿದ ಹೆಂಗಸಿನ ಜೊತೆ ಇನ್ನೊಂದು ಸುತ್ತು ಜಗಳ ಮುಗಿದಿತ್ತು. ಪಾಪ, ಆ ಇಬ್ಬರೂ ಏನೂ ತಪ್ಪು ಮಾಡಿರಲಿಲ್ಲ. ಅವಳ ಸಿಟ್ಟು ಅವರ ಮೇಲಿನದಲ್ಲ.

ಸಿಟ್ಟು ಹಾಲಿಂದು. ಅವಳ ಗಂಡನ ಊರು ಚಿಕ್ಕಕುಂಟೆ. ಆಂಧ್ರದ ಗಡಿಗೆ ಕೂಗಿದರೆ ಕೇಳೋ ದೂರ. ಆ ಊರಿನ ಹೆಂಗಸರ ಹಾಲಿನ ಸಂಘಕ್ಕೆ ಅವಳ ಅತ್ತೆ ಮುನಿರತ್ನಮ್ಮನೇ ಕಾರ್ಯದರ್ಶಿ. ಬೆಳಗ್ಗೆ ಹಾಲು ಅಳೆಸಿಕೊಂಡು, ಕ್ಯಾನು ತುಂಬಿಸಿ, ವ್ಯಾನಿನಲ್ಲಿ ತಾನೇ ಕೂತು ಬಂಗಾರಪೇಟೆಯ ಡೈರಿಗೆ ತಂದು ಇಳಿಸಿ ಹೋಗುತ್ತಾಳೆ. ಆ ಹಾಲು ಒಡೆದಿದೆ ಅಂತ ಡೈರಿಯವರು ವಾಪಸ್ ಕಳಿಸಿದ್ದು ಈಗಾಗಲೇ ಮೂರು ಸಲ. ಮೂರನೇದು ನಿನ್ನೆ. ಮುನಿರತ್ನಮ್ಮ ಅಷ್ಟೂ ಹಾಲನ್ನ ತಿಪ್ಪೆಗೆ ಸುರಿದು, ಕ್ಯಾನು ತೊಳೆದು ಬೋರಲು ಹಾಕಿ, ಊಟವನ್ನೂ ಮಾಡದೆ ಮುಸುಕು ಹಾಕಿಕೊಂಡು ಮಲಗಿಬಿಟ್ಟಿದ್ದಳು. ಇನ್ನೊಂದು ಸಲ ಒಡೆದ ಹಾಲು ತಂದರೆ ಚಿಕ್ಕಕುಂಟೆಗೆ ವ್ಯಾನೇ ಕಳಿಸೋದಿಲ್ಲ ಅಂತ ಮ್ಯಾನೇಜರ್ ಸುಧಾಕರ್ ಎಲ್ಲರ ಎದುರಿಗೇ ಅಂದಿದ್ದ. ಆ ಊರಿಗೆ ಬೇರೆ ಯಾವ ಡೈರಿಯ ವ್ಯಾನೂ ಬರೋದಿಲ್ಲ. ವ್ಯಾನು ನಿಂತರೆ ಹಸು ಕಟ್ಟಿಕೊಂಡು ಏನು ಮಾಡಬೇಕು? ಪೂಜೆ ಮಾಡಬೇಕಾ?

ಹಾಲು ಯಾಕೆ ಒಡೆಯುತ್ತೆ ಅಂತ ಕೇಳಿದರೆ ಊರಲ್ಲಿ ಬಾಯಿಗೊಂದು ಮಾತು. ಕ್ಯಾನು ಸರಿಯಾಗಿ ತೊಳೆದಿಲ್ಲ ಅಂದರು, ಕೆಟ್ಟ ಬಿಸಿಲು ಅಂದರು, ಪಕ್ಕದೂರು ಮರವಳ್ಳಿಯವರ ಕಣ್ಣು ಬಿದ್ದಿದೆ ಅಂತಲೂ ಅಂದರು. ಶ್ಯಾಮಲ ಯಾವುದನ್ನೂ ಒಪ್ಪಲಿಲ್ಲ. ಕ್ಯಾನು ತೊಳೆಯೋದನ್ನ ಅವಳೇ ನೋಡಿದ್ದಳು. ಬಿಸಿಲು ಎಲ್ಲ ಊರಿಗೂ ಒಂದೇ.

ಅವಳಿಗೂ ಅದೇ ಡೈರಿಯಲ್ಲಿ ಕೆಲಸ. ಇಷ್ಟು ದಿನ ಬೇತಮಂಗಲದ ಸಣ್ಣ ಕೇಂದ್ರದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು, ಈ ವಾರ ಬಂಗಾರಪೇಟೆಗೆ ಹಾಕಿದ್ದರು. ಇಲ್ಲಿನ ಕಂಪ್ಯೂಟರ್ ರೂಮಿಗೆ ದೊಡ್ಡವನು ಅವಳ ಭಾವ ನಾಗೇಶ್. ಮುನಿರತ್ನಮ್ಮನ ಹಿರಿಮಗ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಮನೆ ಮಾಡಿಕೊಂಡು, ದಿನಾ ಸ್ಕೂಟರಿನಲ್ಲಿ ಬಂದು ಹೋಗುತ್ತಾನೆ. ಮೆತ್ತಗಿನ ಮನುಷ್ಯ. ಡ್ರೈವರುಗಳ ಜೊತೆ ತಮಿಳು, ರೈತರ ಜೊತೆ ತೆಲುಗು, ಮ್ಯಾನೇಜರ್ ಜೊತೆ ಬರೀ ತಲೆ ಆಡಿಸೋದು.

ಡೈರಿ ಗೇಟು ದಾಟಿದವಳು ರೂಮಿಗೆ ಹೋಗಲಿಲ್ಲ. ನೇರ ಹಾಲು ಇಳಿಸೋ ಕಡೆ ಹೋದಳು. ಅಲ್ಲಿ ಮೂರು ಕಟ್ಟೆ. ಒಂದೊಂದು ಕಟ್ಟೆಗೂ ಒಂದು ತೂಕದ ಯಂತ್ರ, ಒಂದು ಫ್ಯಾಟ್ ನೋಡೋ ಯಂತ್ರ, ಒಂದು ಸ್ಲಿಪ್ಪು. ಕ್ಯಾನು ತೂಗಿ, ಹಾಲು ಪರೀಕ್ಷೆ ಮಾಡಿ, ಸ್ಲಿಪ್ಪು ಬಂದ ಮೇಲೇ ಹಾಲು ಒಳಗಿನ ತಣ್ಣನೆ ಟ್ಯಾಂಕಿಗೆ ಹೋಗುತ್ತೆ. ಅಲ್ಲಿವರೆಗೂ ಮುಂದಿನ ಕ್ಯಾನು ಬಿಸಿಲಲ್ಲಿ ನಿಂತಿರಬೇಕು. ಕಾಮಸಮುದ್ರದ ಕಡೆಯ ಊರುಗಳೆಲ್ಲ ಇಳಿಸೋದು ಮೂರನೇ ಕಟ್ಟೆಯಲ್ಲಿ.

ಒಂದನೇ ಕಟ್ಟೆಯಲ್ಲಿ ಸ್ಲಿಪ್ಪು ಚಟಚಟ ಬರುತ್ತಿತ್ತು. ಎರಡನೇದರಲ್ಲೂ ಅಷ್ಟೇ. ಮೂರನೇದರಲ್ಲಿ ಒಂದು ಕ್ಯಾನು ತೂಕದ ಮೇಲೆ ಕೂತಿತ್ತು, ಕೂತೇ ಇತ್ತು. ಪರದೆಯ ಮೇಲೆ ಒಂದು ಗೆರೆ ಮಿಣಮಿಣ ಅನ್ನುತ್ತಿತ್ತು, ಅಷ್ಟೇ. ಪರೀಕ್ಷೆ ಮಾಡೋ ರಾಧಾಮಣಿ ಕೈಕಟ್ಟಿ ನಿಂತಿದ್ದಳು.

“ಏನೇ ಇದು, ಸತ್ತೋಯ್ತಾ?” ಅಂದಳು ಶ್ಯಾಮಲ.

“ಇದು ಇಂಗೇ ಅಕ್ಕ, ಒಂದು ತಿಂಗಳಿಂದ. ಒಂದು ಸ್ಲಿಪ್ಪು ಬರೋ ಒತ್ಗೆ ಪಕ್ಕದ ಕಟ್ಟೇಲಿ ಒಂದು ವ್ಯಾನೇ ಖಾಲಿ ಆಗ್ತದೆ. ನಾಗೇಶಣ್ಣಂಗೆ ಎಷ್ಟು ಸಲ ಏಳಿದ್ದೀನೋ. ನೋಡ್ತೀನಮ್ಮ ಅಂತಾರೆ, ಓಗ್ತಾರೆ.”

ಸಿಟ್ಟು ನೆತ್ತಿಗೇರಿತು. ಹಾಲು ಒಡೆಯೋದು ಕ್ಯಾನಿನಲ್ಲಿ ಅಲ್ಲ, ಇಲ್ಲಿ! ಈ ಕಟ್ಟೆಯ ಮುಂದೆ! ಎಲ್ಲರಿಗಿಂತ ಮೊದಲು ಕರೆದ ಹಾಲು ಚಿಕ್ಕಕುಂಟೇದು, ಯಾಕಂದರೆ ವ್ಯಾನು ಹೊರಡೋದೇ ಅಲ್ಲಿಂದ. ಅಷ್ಟು ದೂರ ಕುಲುಕಿಕೊಂಡು ಬಂದ ಹಾಲನ್ನ ಇಲ್ಲಿ ಬಿಸಿಲಿಗೆ ನಿಲ್ಲಿಸಿದರೆ ಒಡೆಯದೆ ಇನ್ನೇನಾಗುತ್ತೆ, ಮೃಷ್ಟಾನ್ನ ಆಗುತ್ತಾ?

ಕಂಪ್ಯೂಟರ್ ರೂಮಿನಲ್ಲಿ ನಾಗೇಶ್ ಇರಲಿಲ್ಲ. ಸುಧಾಕರ್ ಕರೆದಿದ್ದ ಅಂತ ಹಾಲಿಗೆ ಹೋಗಿದ್ದ. ಹಾಲು ಅಂದರೆ ಕುಡಿಯೋದಲ್ಲ, ಅತಿಥಿಗಳನ್ನ ಕೂರಿಸೋ ದೊಡ್ಡ ಕೋಣೆ. ಅಲ್ಲಿ ಗೋಡೆಯಷ್ಟು ದೊಡ್ಡ ಪರದೆ ಹಾಕಿಸಿದ್ದಾನೆ ಮಹಾನುಭಾವ. ಅದರ ಮೇಲೆ ಬಣ್ಣಬಣ್ಣದ ನಕ್ಷೆ, ನಕ್ಷೆಯ ಮೇಲೆ ಓಡೋ ವ್ಯಾನುಗಳು, ಮೂಲೆಯಲ್ಲಿ ಬಾಲ ಆಡಿಸೋ ಒಂದು ಹಸು. ಇವತ್ತು ಹೊರಗಿನಿಂದ ಯಾರೋ ದೊಡ್ಡವರು ಬಂದಿದ್ದರು. ಅವರಿಗೆ ಹಸು ತೋರಿಸಬೇಕಿತ್ತು. ನಿಜವಾದ ಹಸು ನೋಡೋಕೆ ಯಾರಿಗೆ ಬೇಕು?

ಶ್ಯಾಮಲ ಭಾವನ ಕುರ್ಚಿಯಲ್ಲೇ ಕೂತಳು. ಡೈರಿಯ ಲೆಕ್ಕವೆಲ್ಲ ಓಡೋದು ಒಂದು ಹಳೇ ಯುನಿಕ್ಸ್ ಯಂತ್ರದ ಮೇಲೆ. ಅದರ ಹೊಟ್ಟೆಯಲ್ಲಿ ಎಂಟು ಪ್ರೊಸೆಸರ್. ಪ್ರೋಗ್ರಾಮುಗಳು ಒಂದರ ಮೇಲೊಂದು ಮುಗಿಬೀಳದ ಹಾಗೆ ಆ ಎಂಟನ್ನ ಪಾಲು ಮಾಡಿ ಬೇರೆ ಬೇರೆ ಪೂಲುಗಳಲ್ಲಿ ಇಡಬಹುದು. ಓಡುತ್ತಿರೋ ಯಾವ ಪ್ರೋಗ್ರಾಮು ಯಾವ ಪೂಲಿನಿಂದ ಶಕ್ತಿ ತಗೋಬೇಕು ಅಂತ ಕಟ್ಟಿಹಾಕಬಹುದು. ಒಂದು ಪೂಲಿಗೆ ಕಟ್ಟಿದ ಪ್ರೋಗ್ರಾಮು ಹಸಿದು ಸಾಯುತ್ತಿದ್ದರೂ ಪಕ್ಕದ ಪೂಲಿಗೆ ಬಾಯಿ ಹಾಕೋ ಹಾಗಿಲ್ಲ. ಬೇತಮಂಗಲದ ಯಂತ್ರ ಸಣ್ಣದು, ಅಲ್ಲಿ ಈ ಪಾಲು ಗೀಲು ಇರಲಿಲ್ಲ. ಆದರೆ ಅವಳಿಗೆ ಕೆಲಸ ಗೊತ್ತಿತ್ತು. ಯಾವುದು ಯಾವ ಪೂಲಿನಲ್ಲಿದೆ ಅಂತ ಯಂತ್ರವನ್ನ ಕೇಳಿದಳು.

ಯಂತ್ರ ಹೇಳಿತು. ಪೂಲುಗಳ ಹೆಸರು ಓದಿದವಳಿಗೆ ಒಂದು ಕ್ಷಣ ನಗು ಬಂತು: ದೊಡ್ಡತೂಬು, ನಡುತೂಬು, ಚಿಕ್ಕತೂಬು. ಕೆರೆ ನೀರು ಬಿಡೋ ತೂಬಿನ ಹೆಸರು! ಇದು ಭಾವನದೇ ಕೆಲಸ, ಬೇರೆ ಯಾರಿಗೆ ಹೊಳೆಯುತ್ತೆ?

ಆಮೇಲೆ ನಗು ಇಳಿಯಿತು. ದೊಡ್ಡತೂಬಿಗೆ ಐದು ಪ್ರೊಸೆಸರ್, ಅಲ್ಲಿ ಕಟ್ಟಿದ್ದು ಸುಧಾಕರನ ಪರದೆ ಒಂದೇ. ನಡುತೂಬಿಗೆ ಎರಡು, ಅಲ್ಲಿ ಒಂದನೇ ಮತ್ತು ಎರಡನೇ ಕಟ್ಟೆ. ಚಿಕ್ಕತೂಬಿಗೆ ಒಂದೇ ಒಂದು. ಅದರಲ್ಲಿ ಮೂರನೇ ಕಟ್ಟೆ, ಜೊತೆಗೆ ಹಳೇ ಲೆಕ್ಕದ ಬ್ಯಾಕಪ್ಪು, ಆಫೀಸಿನ ಪ್ರಿಂಟರು, ಇನ್ನೂ ಏನೇನೋ ಕಸ.

ನಾಗೇಶ್ ಬಾಗಿಲು ತಳ್ಳಿಕೊಂಡು ಬಂದ. ಕುರ್ಚಿಯಲ್ಲಿ ಅವಳನ್ನ ಕಂಡು, ಪರದೆ ಕಂಡು, ಅಲ್ಲೇ ನಿಂತ.

“ಭಾವ, ಮೂರನೇ ಕಟ್ಟೇನ ಈ ಕಸದ್ ಜೊತೆ ಕಟ್ಟಿದ್ದು ಯಾರು?”

“ಮ್ಯಾನೇಜರ್ ಪರದೆಗೆ ಐದು ಬೇಕೇ ಬೇಕು ಅಂದ್ರಮ್ಮ. ಮಿಕ್ಕಿದ್ದು ಮೂರೇ...”

“ಮ್ಯಾನೇಜರ್ ವಿಷ್ಯ ಆಮೇಲೆ. ಮಿಕ್ಕಿದ್ದನ್ನ ಪಾಲ್ ಮಾಡಿದ್ದು ಯಾರು ಅಂತ ಕೇಳ್ದೆ.”

“ನಾನೇ.”

ಸಿಟ್ಟು ಬಂದಾಗ ಶ್ಯಾಮಲಳ ಮಾತಲ್ಲಿ ಹಕಾರ ನಿಲ್ಲೋದಿಲ್ಲ, ಭಾವ ಅನ್ನೋ ಮರ್ಯಾದೆಯೂ ಅಷ್ಟಕ್ಕಷ್ಟೇ. “ನೀವಾ? ಚಿಕ್ಕಕುಂಟೇಲಿ ಉಟ್ಟಿದ ನೀವಾ? ನಿಮ್ಮಮ್ಮ ನಿನ್ನೆ ಆಲು ತಿಪ್ಪೆಗೆ ಸುರಿದ್ರು, ಗೊತ್ತಾ ನಿಮ್ಗೆ? ಊಟ ಮಾಡ್ದೆ ಮಲೀಕಂಡ್ರು, ಗೊತ್ತಾ?”

“ಗೊತ್ತು.” ಅವನು ಸ್ಟೂಲು ಎಳೆದುಕೊಂಡು ಕೂತ. “ನಮ್ಮೂರಿನ ಕಟ್ಟೆ ಅಂತಾನೇ ಅಲ್ಲಿಗೆ ಆಕ್ದೆ ಕಣಮ್ಮ. ನೀನು ಸೊಸೆಯಾಗಿ ಬಂದೋಳು, ಅಪ್ಪ ಎಂಗಿದ್ರು ಅಂತ ಪೂರಾ ನಿಂಗೊತ್ತಿಲ್ಲ.”

ಅವನಪ್ಪ ಮುನಿಸ್ವಾಮಪ್ಪ ಊರಿನ ನೀರಗಂಟಿ. ಕೆರೆಯ ತೂಬು ಎತ್ತಿ, ಗುದ್ದಲಿ ಹಿಡಿದು ಕಾಲುವೆ ಉದ್ದಕ್ಕೂ ನಡೆದು, ಯಾರ ಗದ್ದೆಗೆ ಎಷ್ಟು ನೀರು ಅಂತ ಮಡೆ ತಿರುಗಿಸುತ್ತಿದ್ದವನು. ಎಷ್ಟೇ ದೊಡ್ಡ ಗೌಡ ಆಗಲಿ, ನೀರಗಂಟಿ ತಿರುಗಿಸಿದ ಮಡೆಗೆ ಕೈ ಹಾಕೋ ಹಾಗಿರಲಿಲ್ಲ. ಅಷ್ಟು ಅಧಿಕಾರ ಕೊಟ್ಟಿದ್ದಕ್ಕೆ ಊರು ಒಂದೇ ಕಟ್ಟಳೆ ಇಟ್ಟಿತ್ತು: ನೀರಗಂಟಿ ಗದ್ದೆಗೆ ಎಲ್ಲರದೂ ಆದ ಮೇಲೆ ಕಡೇಗೆ ನೀರು. ಮುನಿಸ್ವಾಮಪ್ಪ ಆ ಕಟ್ಟಳೆ ಒಂದು ಸಲವೂ ಮುರಿಯಲಿಲ್ಲ. ಎರಡು ವರ್ಷ ಅವನ ಪೈರು ಒಣಗಿತ್ತಂತೆ, ಅವನು ಮಾತ್ರ ತಲೆ ಎತ್ತಿಕೊಂಡೇ ಓಡಾಡಿದನಂತೆ. ಅವನು ಸತ್ತ ಮೇಲೂ ಆ ಗುದ್ದಲಿ ಮನೆಯ ಜಂತೆಗೆ ಹಾಗೇ ಸಿಕ್ಕಿಸಿದೆ. ಹಬ್ಬದ ದಿನ ಮುನಿರತ್ನಮ್ಮ ಅದಕ್ಕೆ ಅರಿಶಿನ ಕುಂಕುಮ ಇಡುತ್ತಾಳೆ.

“ಪಾಲು ಮಾಡೋದು ನನ್ ಕೈಗೆ ಬಂತು,” ಅಂದ ನಾಗೇಶ್. “ನಮ್ಮ ಕಟ್ಟೇಗೆ ಜಾಸ್ತಿ ಇಟ್ರೆ ಒಂದು ಬೆರಳು ನನ್ ಕಡೆ ತಿರುಗ್ತದೆ. ನೀರಗಂಟಿ ಮಗ ತನ್ನೂರಿಗೆ ಮಡೆ ತಿರುಗಿಸ್ಕಂಡ ಅಂತಾರೆ. ಅದಕ್ಕೇ ಕಡೇಗಿಟ್ಟೆ.”

ಶ್ಯಾಮಲ ಅವನನ್ನೇ ನೋಡಿದಳು. ಅವನು ಸುಳ್ಳು ಹೇಳುತ್ತಿರಲಿಲ್ಲ, ತಪ್ಪಿಸಿಕೊಳ್ಳೋಕೂ ನೋಡುತ್ತಿರಲಿಲ್ಲ. ತಾನು ಮಾಡಿದ್ದು ಸರಿ ಅಂತ ಪೂರ್ತಿ ನಂಬಿಕೊಂಡು ಕೂತಿದ್ದ. ಅವಳ ಸಿಟ್ಟು ಅದಕ್ಕೇ ಇನ್ನೂ ಹೆಚ್ಚಾಯಿತು. ಕಳ್ಳನನ್ನ ಬೈಯಬಹುದು. ಇಂಥವನನ್ನ ಏನಂತ ಬೈಯೋದು?

“ಪೈರು ಎರಡು ದಿನ ಕಾಯ್ತದೆ ಭಾವ, ಆಲು ಕಾಯ್ತದಾ? ಮಾವ ಕಡೇಗಿಟ್ಟಿದ್ದು ತನ್ನ ಗದ್ದೇನ. ನೀವು ಕಡೇಗಿಟ್ಟಿರೋದು ಯಾರ್ದು? ಮೂರನೇ ಕಟ್ಟೆ ನಿಮ್ಮಪ್ಪನ ಆಸ್ತಿನಾ?”

ನಾಗೇಶ್ ತಲೆ ತಗ್ಗಿಸಿದ.

“ಈಗ್ಲೇ ತಿರುಗಿಸ್ತೀನಿ. ಬೇಕಾದ್ರೆ ನನ್ನ ಕೆಲ್ಸದಿಂದ ತೆಗೆಸಿ.”

ಕಂಪ್ಯೂಟರಿಗೆ ನಾಗೇಶನ ಪಾಸ್‌ವರ್ಡ್ ಆಗಲೇ ಹಾಕಿತ್ತು. ಓಡುತ್ತಿರೋ ಪ್ರೋಗ್ರಾಮನ್ನ ನಿಲ್ಲಿಸದೆಯೇ ಒಂದು ಪೂಲಿನಿಂದ ಬಿಚ್ಚಿ ಇನ್ನೊಂದಕ್ಕೆ ಕಟ್ಟಬಹುದು. ಹರಿಯೋ ನೀರಿಗೆ ಮಡೆ ತಿರುಗಿಸಿದ ಹಾಗೇ, ನೀರಿಗೆ ಅದು ಗೊತ್ತೂ ಆಗೋದಿಲ್ಲ. ಮೂರನೇ ಕಟ್ಟೆಯ ಪ್ರೋಗ್ರಾಮಿನ ನಂಬರು ಹುಡುಕಿ, ಅದನ್ನ ದೊಡ್ಡತೂಬಿಗೆ ಕಟ್ಟು ಅಂತ ಬರೆದು, ಎಂಟರ್ ಕುಟ್ಟಿದಳು. ಕೀಬೋರ್ಡೇ ಮುರಿಯೋ ಹಾಗೆ ಕುಟ್ಟಿದಳು.

ಏನೂ ಆಗಲಿಲ್ಲ. ಮೂರನೇ ಕಟ್ಟೆ ಮೊದಲಿನ ಹಾಗೇ ತೆವಳುತ್ತಿತ್ತು. “ಥೂ, ಇದರ ಮನೆ ಹಾಳಾಗ!” ಅಂತ ಮೇಜು ಗುದ್ದಿದಳು.

“ತಾಯಿ ಪ್ರೋಗ್ರಾಮನ್ನ ಮಾತ್ರ ತಂದಿದ್ದೀಯ, ಅದ್ರ ಮಕ್ಕಳು ಅಲ್ಲೇ ಉಳ್ಕಂಡವೆ,” ಅಂದ ನಾಗೇಶ್, ತಗ್ಗಿಸಿದ ತಲೆ ಎತ್ತದೆ. “ತೂಕ ಓದೋದು, ಫ್ಯಾಟ್ ಓದೋದು, ಸ್ಲಿಪ್ಪು ಮಾಡೋದು. ಎಲ್ಲಾ ಚಿಕ್ಕತೂಬಲ್ಲೇ ಉಟ್ಟಿದವು. ಇನ್ಮೇಲೆ ಉಟ್ಟೋವು ತಾಯಿ ಜೊತೆ ಇರ್ತವೆ. ಆಗ್ಲೇ ಉಟ್ಟಿರೋವನ್ನ ಒಂದೊಂದಾಗಿ ನೀನೇ ತರಬೇಕು.”

ಅವಳು ಒಂದೊಂದನ್ನೇ ಹುಡುಕಿ ತಂದಳು. ಕಡೆಯದು ಬಂದು ಸೇರಿದ ಕೂಡಲೇ ಮೂರನೇ ಕಟ್ಟೆಯ ಲೆಕ್ಕ ಪರದೆಯ ಮೇಲೆ ದಡದಡ ಇಳಿಯೋಕೆ ಶುರುವಾಯಿತು. ಹೊರಗಿನಿಂದ ರಾಧಾಮಣಿ “ಬಂತು ಬಂತು!” ಅಂತ ಕೂಗಿದ್ದು ಗಾಜಿನ ಕಿಟಕಿ ದಾಟಿ ಕೇಳಿಸಿತು.

ಸ್ವಲ್ಪ ಹೊತ್ತಿಗೆ ಸುಧಾಕರ್ ಬಂದ. ಟೈ ಒಂದು ಕಡೆ, ಮುಖ ಒಂದು ಕಡೆ.

“ಏನ್ರೀ ಮಾಡಿದ್ರಿ? ಅಲ್ಲಿ ಪರದೆ ನಿಂತು ನಿಂತು ಹೋಗ್ತಿದೆ! ಹಸು ಬಾಲ ಎತ್ತಿದ್ದು ಎತ್ತಿದ ಹಾಗೇ ಇದೆ! ಗೆಸ್ಟುಗಳು ನಗ್ತಿದ್ದಾರೆ!”

“ನಗಲಿ ಬಿಡಿ ಸಾರ್, ನಗೋದಕ್ಕೆ ತಾನೆ ಅದನ್ನ ಆಕ್ಸಿರೋದು,” ಅಂದಳು ಶ್ಯಾಮಲ. ಕುರ್ಚಿಯಿಂದ ಏಳಲಿಲ್ಲ. “ನಿಮ್ಮ ಅಸು ಆಲು ಕೊಡ್ತದಾ? ಒರಗಡೆ ನಿಜವಾದ ಅಸುಗಳ ಆಲು ಮೂರನೇ ಕಟ್ಟೇಲಿ ಒಡೀತಾ ಐತೆ. ಒಡೆದಿದ್ದು ನಿಮ್ ಯಂತ್ರದಿಂದ. ಬೈಸ್ಕಂಡಿದ್ದು ನಮ್ಮತ್ತೆ. ಇನ್ನೊಂದು ಸಲ ತಂದ್ರೆ ವ್ಯಾನ್ ಕಳ್ಸಲ್ಲ ಅಂದ್ರಂತಲ್ಲ, ಇದನ್ನ ನೋಡಿ ಅನ್ನಿ ಈಗ.”

“ಒಡೆದ ಹಾಲು ಒಡೆದ ಹಾಲೇ. ಕಾರಣ ಕೇಳ್ಕೊಂಡು ಕೂರೋಕೆ ನಾನೇನು ಕೋರ್ಟಾ? ನಾಗೇಶ್, ಅದನ್ನ ಮೊದಲಿನ ಹಾಗೆ ಮಾಡಿ.”

ನಾಗೇಶ್ ಸ್ಟೂಲಿನಿಂದ ಎದ್ದ. ಶ್ಯಾಮಲ ಕೀಬೋರ್ಡಿಗೆ ಕೈ ಅಡ್ಡ ಇಟ್ಟಳು. ಈ ಮನುಷ್ಯ ಯಾವತ್ತೂ ಆ ಬಾಯಿಗೆ ಎದುರು ಹೇಳಿದವನಲ್ಲ. ಅವನು ಅವಳ ಪಕ್ಕ ಬಂದು ನಿಂತು, ಕೈ ಹಿಂದೆ ಕಟ್ಟಿಕೊಂಡ.

“ವ್ಯಾನು ಖಾಲಿ ಆಗೋ ತನಕ ಮಾಡಲ್ಲ ಸಾರ್,” ಅಂದ.

ಸುಧಾಕರ್ ಇಬ್ಬರನ್ನೂ ದುರುಗುಟ್ಟಿ ನೋಡಿ, “ನೋಡ್ಕೋತೀನಿ” ಅಂತ ಬಾಗಿಲು ಬಡಿದುಕೊಂಡು ಹೋದ. ನೋಡ್ಕೋ ಹೋಗಯ್ಯ, ನಿನ್ನ ಹಸೂನ ನೋಡ್ಕೋ ಅಂತ ಶ್ಯಾಮಲ ಗೊಣಗಿದಳು. ಬೆಳಗಿನಿಂದ ಮೊದಲನೇ ಸಲ ಅವಳ ಕಿವಿ ತಣ್ಣಗಾಯಿತು.

ಕಾಮಸಮುದ್ರದ ವ್ಯಾನು ಬಂದಿತ್ತು. ಪರದೆಯ ಮೇಲೆ ಮರವಳ್ಳಿ ಅಂತ ಬಂತು, ಹಾಲು ಪಾಸು. ಇನ್ನೊಂದು ಕ್ಯಾನು, ಮರವಳ್ಳಿ, ಪಾಸು. ಆಮೇಲೆ ಕೊಂಡೇನಹಳ್ಳಿ. ಅದರ ಕ್ಯಾನುಗಳೆಲ್ಲ ಪಾಸು. ಇನ್ನು ನಮ್ಮದೇ ಅಂತ ಶ್ಯಾಮಲ ಮುಂದಕ್ಕೆ ಬಗ್ಗಿದಳು. ಬಂದಿದ್ದು ಬೇರೆ ಯಾವುದೋ ಊರು. ಕಾಮಸಮುದ್ರದ ವ್ಯಾನಿನ ಹಿಂದೆ ಬಂದ ಇನ್ನೊಂದು ವ್ಯಾನಿನ ಊರು. ಆಮೇಲೆ ಅದರದೇ ಇನ್ನೊಂದು ಊರು. ಚಿಕ್ಕಕುಂಟೆ ಅನ್ನೋ ಹೆಸರು ಬರಲೇ ಇಲ್ಲ.

“ಅತ್ತೆ ಇವತ್ತು ಬರ್ಲಿಲ್ವಾ?” ಅಂದಳು. ನಾಗೇಶ್ ಕಿಟಕಿಯಿಂದ ಹೊರಗೆ ನೋಡಿದ. ಕಟ್ಟೆಯ ಕಡೆ ಬೆರಳು ಮಾಡಿದ. ಶ್ಯಾಮಲ ಕುರ್ಚಿ ಒದ್ದು ಎದ್ದು ಓಡಿದಳು.

ಮೂರನೇ ಕಟ್ಟೆಯ ಪಕ್ಕದಲ್ಲಿ ಮುನಿರತ್ನಮ್ಮ ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮದುವೆಮನೆಯಲ್ಲಿ ಊಟಕ್ಕೆ ಕರೆಯೋ ಹಾಗೆ ಕೈ ಮಾಡಿ ಬೇರೆಯವರ ಕ್ಯಾನುಗಳನ್ನ ಮುಂದೆ ಕಳಿಸುತ್ತಿದ್ದಳು. ಚಿಕ್ಕಕುಂಟೆಯ ಕ್ಯಾನುಗಳು ಅವಳ ಹಿಂದೆ, ಸುಡುವ ಸಿಮೆಂಟಿನ ಮೇಲೆ, ಸಾಲಾಗಿ ಕೂತಿದ್ದವು. ಅವುಗಳ ಪಕ್ಕ ಕುಕ್ಕರುಗಾಲಲ್ಲಿ ಕದಿರಮ್ಮ ಕೂತಿದ್ದಳು. ಗಂಡ ಇಲ್ಲದ, ಕೂಲಿಗೆ ಹೋಗೋ ಹೆಂಗಸು. ಅವಳಿಗಿರೋದು ಒಂದು ಹಸು. ಹಾಲು ಯಾಕೆ ವಾಪಸ್ ಬರುತ್ತೆ ಅಂತ ತಾನೇ ಕಣ್ಣಾರೆ ನೋಡಬೇಕು ಅಂತ ಅವತ್ತು ಕೂಲಿ ಬಿಟ್ಟು ಬಂದಿದ್ದಳು.

“ಅತ್ತೆ! ನಮ್ಮ ಕ್ಯಾನು ಯಾಕಿಲ್ಲಿ? ಇಳಿಸ್ಲಿಲ್ವಾ ಇನ್ನೂ?”

ಮುನಿರತ್ನಮ್ಮನ ಮುಖದಲ್ಲಿ ನಿನ್ನೆಯ ಕಳೆ ಇರಲಿಲ್ಲ. “ಅವಸರ ಯಾಕಮ್ಮ, ಕಟ್ಟೆ ಇವತ್ತು ಚೆನ್ನಾಗಿ ಓಡ್ತಾ ಐತೆ. ಆ ಮರವಳ್ಳಿಯೋಳು ಬಂದ ತಕ್ಸಣ ಅಂದ್ಲು, ಏನು ಮುನಿರತ್ನಮ್ಮ, ಒಳಗೆ ಮಗನೂ ನಿಮ್ಮೋನೇ, ಈಗ ಸೊಸೇನೂ ಬಂದ್ಲು, ಕಟ್ಟೆಗೆ ಕಾಲು ಬಂತು ಅಂತ. ಅನ್ನಿಸ್ಕಬೇಕಾ ಅಂಥ ಮಾತು? ನೀವೆಲ್ಲ ಮೊದ್ಲು ಇಳಿಸ್ಕಳ್ರಮ್ಮ, ನಮ್ದು ಕಡೇಗೆ ಅಂದೆ. ಇಂದ್ಲು ವ್ಯಾನ್ನೋರ್ಗೂ ಬುಟ್ಟೆ. ನಿಮ್ ಮಾವ ಇದ್ದಿದ್ರೆ ಇದನ್ನೇ ಮಾಡೋರು.”

ಶ್ಯಾಮಲ ಹತ್ತಿರದ ಕ್ಯಾನನ್ನ ಎರಡೂ ಕೈಯಲ್ಲಿ ಎತ್ತಿ ತೂಕದ ಮೇಲೆ ಕುಕ್ಕಿದಳು. “ನೋಡೇ, ಬೇಗ ನೋಡೇ!” ರಾಧಾಮಣಿ ಗಾಜಿನ ಕೊಳವೆಗೆ ಚೂರು ಹಾಲು ತಗೊಂಡು ಬೆಂಕಿಯ ಮೇಲೆ ಹಿಡಿದಳು. ಬಿಳೀ ಹಾಲು ಕುದಿ ಬರೋಕೂ ಮೊದಲೇ ಗಂಟು ಗಂಟಾಗಿ ಬೇರೆಯಾಯಿತು. ಎರಡನೇ ಕ್ಯಾನಿಂದೂ ಹಾಗೇ. ಮೂರನೇದೂ ಹಾಗೇ. ರಾಧಾಮಣಿ ಕೊಳವೆ ಕೆಳಗಿಟ್ಟು ಮುಖ ಆ ಕಡೆ ತಿರುಗಿಸಿಕೊಂಡಳು. ನಾಲ್ಕನೇ ಸಲ. ಅತಿಥಿಗಳ ಕೋಣೆಯ ಬಾಗಿಲಲ್ಲಿ ಸುಧಾಕರ್ ಬಂದು ನಿಂತಿದ್ದ. ಅವನು ಕಾಮಸಮುದ್ರದ ವ್ಯಾನಿನ ಡ್ರೈವರನ್ನ ಬೆರಳು ಮಾಡಿ ಕರೆದ.

“ಬಂಗಾರದಂಗೆ ಓಡ್ತಿತ್ತಲ್ಲ ಅತ್ತೆ!” ಶ್ಯಾಮಲ ಕಿರುಚಿದಳು. ಗಂಟಲು ಒಡೆಯೋ ಹಾಗೆ ಕಿರುಚಿದಳು, ಡೈರಿಯೆಲ್ಲ ತಿರುಗಿ ನೋಡಿತು. “ನಾನು ಒಳಗೆ ಮ್ಯಾನೇಜರ್ ಜೊತೆ ಒಡೆದಾಡಿ ಮಡೆ ತಿರುಗಿಸಿದೆ! ನಿಮ್ಮ ಮಗ ಜಲ್ಮದಲ್ಲಿ ಮೊದ್ಲ ಸಲ ಎದುರಾಡಿದ್ರು! ಯಾರಿಗೋಸ್ಕರ? ಆ ಮರವಳ್ಳಿಯೋರಿಗೋಸ್ಕರನಾ? ನಾವೇ ನಮ್ಮ ಕತ್ತು ಕುಯ್ಕಂಡ್ರೆ ಬೇರೆಯೋರು ಯಾಕೆ ಬೇಕು?”

ನಾಗೇಶ್ ಹಿಂದೆ ಬಂದು ನಿಂತಿದ್ದ. ತಾಯಿಯ ಮುಖ ನೋಡಲಾರದೆ ಕ್ಯಾನು ನೋಡುತ್ತಿದ್ದ. ಮುನಿರತ್ನಮ್ಮ ಮಾತ್ರ ತಲೆ ತಗ್ಗಿಸಲಿಲ್ಲ.

“ಓಗ್ಲಿ ಬುಡಮ್ಮ, ಓದ್ರೆ ಆಲು ಓಯ್ತು,” ಅಂದಳು. “ಇವತ್ತು ಯಾರೂ ನಮ್ಮನ್ನ ಒಂದು ಮಾತು ಅನ್ಲಿಲ್ಲ. ನಮ್ಮನೆ ಎಸ್ರು ಉಳೀತು.”

ಕ್ಯಾನುಗಳ ಪಕ್ಕ ಕೂತಿದ್ದ ಕದಿರಮ್ಮ ಮಂಡಿ ಹಿಡಿದುಕೊಂಡು ಎದ್ದಳು. ಒಂದು ಕ್ಯಾನಿನ ಮುಚ್ಚಳ ತೆಗೆದು ಒಳಗೆ ಬಗ್ಗಿ ನೋಡಿದಳು. ಅದರಲ್ಲಿ ಅವಳದು ಯಾವುದು, ಬೇರೆಯವರದು ಯಾವುದು, ಹೇಗೆ ಗೊತ್ತಾಗಬೇಕು. ಮುಚ್ಚಳ ಹಾಕಿ ಮುನಿರತ್ನಮ್ಮನ ಎದುರಿಗೆ ಬಂದು ನಿಂತಳು.

“ಉಳೀತಲ್ಲ, ಬುಡಮ್ಮ. ಒಳ್ಳೇ ಎಸ್ರು ಉಳೀತು ನಿಮ್ಗೆ,” ಅಂದಳು. “ಸಂಜೆ ಮನೇತಾಕೆ ಬತ್ತೀನಿ, ಅದ್ರಲ್ಲಿ ನಂಗೂ ಒಂದು ಮೊರ ಆಕಿ. ನಾಳೆಯಿಂದ ನಮ್ಮಸೂಗೆ ಇಂಡಿ ಬದ್ಲು ಅದನ್ನೇ ಆಕ್ತೀನಿ.”

ಅಷ್ಟಂದು ಸೆರಗು ತಲೆ ಮೇಲೆ ಎಳೆದುಕೊಂಡು, ವ್ಯಾನಿನ ಕಡೆ ನೋಡದೆ, ನಡೆದೇ ಗೇಟಿನಿಂದ ಹೊರಗೆ ಹೋದಳು.